ಅಂಗೈ ನಿಲ್ಲುವ ಜಾಗ

ಯಾವ ವಸ್ತುವನ್ನು ನೋಡಿದರೂ ಅದರ ಮೈ ಎಷ್ಟು ಅಗಲ, ಒಳಗಿನ ಬಿಸಿ ಎಷ್ಟು, ಆ ಬಿಸಿ ಈ ಮೈಯಿಂದ ಹೊರಗೆ ಹೋದೀತೇ ಎಂದು ಲೆಕ್ಕ ಹಾಕುವುದು ನನ್ನ ಚಾಳಿ. ಸಿಂದಗಿಯಿಂದ ಇಂಡಿಗೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ದಪ್ಪನೆಯ ಹೆಂಗಸು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರೆ ನಾನು ಮನಸ್ಸಿನಲ್ಲೇ ಆಕೆಯ ಎರಡೂ ಭುಜಕ್ಕೆ ಒಂದೊಂದು ರೇಡಿಯೇಟರ್ ಜೋಡಿಸಿ ನೋಡುತ್ತೇನೆ. ಎಮ್ಮೆ ಹೊಂಡಕ್ಕೆ ಇಳಿದರೆ ಸರಿಯಾದ ಕೆಲಸ ಮಾಡಿತು ಎನ್ನಿಸುತ್ತದೆ. ಸಿಂದಗಿಯ ಗಂಡನ ಮನೆಯಲ್ಲಿ ನನ್ನ ಅತ್ತೆ ಬಂದವರ ಮುಂದೆಲ್ಲ ನನ್ನನ್ನು ಆಡಿಕೊಳ್ಳುತ್ತಾಳೆ: "ಹಂಚಿನ ಮುಂದ ಕುಂತ್ರೂ ಇಕಿ ರೊಟ್ಟಿ ನೋಡಂಗಿಲ್ಲವಾ, ಹಂಚಿನ ಸುತ್ತಿನ ಗಾಳಿ ನೋಡ್ತಾಳ." ಆಕೆ ಹೇಳುವುದರಲ್ಲಿ ಸುಳ್ಳಿಲ್ಲ. ನಾನು ಸುಟ್ಟ ರೊಟ್ಟಿಗಳನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ.

ಇಂಡಿಯಲ್ಲಿ, ಸಾಲೋಟಗಿಗೆ ಹೋಗುವ ರಸ್ತೆಯ ಬದಿಗೆ, ಅಪ್ಪನ ತಗಡಿನ ಶೆಡ್ಡು ಇದೆ. ಅಲ್ಲಿ ನಾವು ಟ್ರಾನ್ಸ್‌ಫಾರ್ಮರ್‌ಗೆ ಮೈ ಕಟ್ಟುತ್ತೇವೆ. ನಮ್ಮ ಕಡೆ ಅದಕ್ಕೆ ಎಲ್ಲರೂ ಟಿಸಿ ಎನ್ನುತ್ತಾರೆ. ಒಳಗಿನ ತಾಮ್ರದ ಸುರುಳಿ ಸುತ್ತುವವರು ಬೇರೆ. ಅವರು ಸುರುಳಿಯ ಅಳತೆ ಕೊಡುತ್ತಾರೆ, ಅದು ಎಷ್ಟು ಕಾಯುತ್ತದೆ ಎಂಬುದನ್ನು ಹೇಳುತ್ತಾರೆ. ಅದು ಕುಳಿತುಕೊಳ್ಳುವ ಉಕ್ಕಿನ ಟಾಕಿ ಎಷ್ಟು ಉದ್ದ ಅಗಲ ಇರಬೇಕು, ಎಷ್ಟು ಎಣ್ಣೆ ಹಿಡಿಯಬೇಕು, ಬಿಸಿ ಹೊರಗೆ ಬಿಡಲು ಪಕ್ಕಕ್ಕೆ ಎಷ್ಟು ರೇಡಿಯೇಟರ್ ಬೇಕು ಎಂಬುದು ನಮ್ಮ ಪಾಲಿನ ಕೆಲಸ. ಅಪ್ಪ ವೆಲ್ಡಿಂಗ್ ಮಾಡುತ್ತ ಮಾಡುತ್ತ ಕಲಿತವನು. ನಾನು ವಿಜಯಪುರದಲ್ಲಿ ಇಂಜಿನಿಯರಿಂಗ್ ಓದಿ ಬಂದು ಅವನ ಪಕ್ಕ ಕುಳಿತವಳು.

ಇದನ್ನು ಯಾರಾದರೂ "ಡಬ್ಬಿ" ಎಂದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಒಮ್ಮೆ ನಮ್ಮ ಬೀಗರೊಬ್ಬರು ಊಟಕ್ಕೆ ಕುಳಿತಾಗ, "ಡಬ್ಬಿ ಮಾಡಾಕ ಇಷ್ಟ್ಯಾಕ ಓದಬೇಕಾಗಿತ್ತು?" ಎಂದು ಕೇಳಿದರು. ನಾನು ಅವರ ತಾಟಿಗೆ ಇನ್ನೊಂದು ಜೋಳದ ರೊಟ್ಟಿ ಹಾಕಿ, ಅದು ಆರುವವರೆಗೂ ಪಾಠ ಹೇಳಿದೆ. ಟಾಕಿಯೊಳಗೆ ಸುರುಳಿಯ ನಡುವಿನ ಕಬ್ಬಿಣ ಹಗಲು ರಾತ್ರಿ ಸುಮ್ಮನೆ ಒಂದೇ ಸಮ ಕಾಯುತ್ತದೆ. ತಾಮ್ರ ಹಾಗಲ್ಲ, ಊರಿನವರು ಪಂಪು ಹಚ್ಚಿದಷ್ಟೂ ಕಾಯುತ್ತದೆ. ಸಣ್ಣ ಟಿಸಿಗೆ ಟಾಕಿಯ ಗೋಡೆಯೇ ಸಾಕು, ಬಿಸಿ ಅದರಿಂದಲೇ ಹೊರಬೀಳುತ್ತದೆ. ದೊಡ್ಡದಕ್ಕೆ ಸಾಲುವುದಿಲ್ಲ. ಒಳಗಿನದು ಹಿಗ್ಗಿದಷ್ಟು ಹೊರಗಿನ ಮೈ ಹಿಗ್ಗುವುದಿಲ್ಲವಾದ್ದರಿಂದ ಪಕ್ಕಕ್ಕೆ ತೆಳು ತಗಡಿನ ಟೊಳ್ಳು ಹಲಗೆಗಳನ್ನು ಸಾಲಾಗಿ ಕೂಡಿಸಬೇಕು, ಅದೇ ರೇಡಿಯೇಟರ್. ಅವನ್ನು ಸಮೀಪ ಸಮೀಪ ಕೂಡಿಸಿದರೆ ಒಂದು ಹಲಗೆಯ ಬಿಸಿ ಇನ್ನೊಂದಕ್ಕೆ ತಾಗಿ ಅಲ್ಲೇ ಉಳಿಯುತ್ತದೆ, ದೂರ ಕೂಡಿಸಿದರೆ ಜಾಗ ಸಾಲುವುದಿಲ್ಲ. ಬೀಗರು ಕೈ ತೊಳೆದು ಎದ್ದರು. ಮತ್ತೆ ಡಬ್ಬಿ ಎಂದಿಲ್ಲ.

ಲೆಕ್ಕ ಮುಗಿದ ಮೇಲೆ ನನಗೆ ಇದೆಲ್ಲ ಕನಸಿನ ಹಾಗೆ ಕಾಣುತ್ತದೆ. ಮುಚ್ಚಿದ ಟಾಕಿಯೊಳಗೆ ಬೆಳಕಿಲ್ಲ. ಅಲ್ಲಿ ಎಣ್ಣೆ ಸುರುಳಿಯ ಪಕ್ಕದಲ್ಲಿ ಬಿಸಿಯಾಗಿ, ಹಗುರಾಗಿ, ಮೆಲ್ಲಗೆ ಮೇಲೇಳುತ್ತದೆ. ಮೇಲಿನ ಕೊಳವೆಯಿಂದ ರೇಡಿಯೇಟರ್‌ಗೆ ಹೊರಳುತ್ತದೆ. ಅಲ್ಲಿ ತೆಳ್ಳಗೆ ಹರಡಿ, ಗಾಳಿಗೆ ತನ್ನ ಬಿಸಿ ಕೊಟ್ಟು, ಭಾರವಾಗಿ ಕೆಳಗಿಳಿದು ಮತ್ತೆ ಸುರುಳಿಯ ಬುಡಕ್ಕೆ ಬರುತ್ತದೆ. ಯಾರೂ ಅದನ್ನು ತಳ್ಳುವುದಿಲ್ಲ. ಅಗರಖೇಡದ ಹೊಲದಲ್ಲಿ, ಮುದ್ದೇಬಿಹಾಳದ ರಸ್ತೆ ಬದಿಗೆ, ಬಸವನ ಬಾಗೇವಾಡಿಯ ಹಿಟ್ಟಿನ ಗಿರಣಿಯ ಹಿಂದೆ, ಈಗ ನಾನು ಇದನ್ನು ಬರೆಯುತ್ತಿರುವಾಗಲೂ ಆ ಎಣ್ಣೆ ಹೀಗೆ ಸುತ್ತುತ್ತಲೇ ಇದೆ ಎಂದುಕೊಂಡರೆ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ. ಮಕ್ಕಳಿಗೆ ಜೋಗುಳ ಬೇಕು, ನನಗೆ ಇಷ್ಟು ಸಾಕು.

ಟಾಕಿ ಕಟ್ಟಿ, ಸುರುಳಿ ಇಳಿಸಿ, ಎಣ್ಣೆ ತುಂಬಿದ ಮೇಲೆ ಕಾಯಿಸಿ ನೋಡುವ ದಿನ ಬರುತ್ತದೆ. ಒಂದು ಬದಿಯ ತಂತಿಗಳನ್ನು ಒಂದಕ್ಕೊಂದು ಕೂಡಿಸಿ, ಇನ್ನೊಂದು ಬದಿಯಿಂದ ಚೂರು ವೋಲ್ಟೇಜ್ ಕೊಟ್ಟರೆ, ಯಾವ ಪಂಪೂ ಇಲ್ಲದೆ ಅದು ತುಂಬು ಭಾರ ಹೊತ್ತಷ್ಟೇ ಕಾಯುತ್ತದೆ. ಮುಂಜಾನೆ ಶುರು ಮಾಡಿದರೆ ಬಿಸಿ ಏರಿ ಏರಿ, ಇನ್ನು ಏರಲಾರೆ ಎಂದು ನಿಲ್ಲುವ ಹೊತ್ತಿಗೆ ಮಧ್ಯಾಹ್ನ ಕಳೆದಿರುತ್ತದೆ. ಅಷ್ಟು ಹೊತ್ತೂ ಅದು ಹೂಂ ಎಂದು ಒಂದೇ ಸ್ವರದಲ್ಲಿ ಗುಂಯ್ಗುಡುತ್ತದೆ. ಶೆಡ್ಡಿನ ತಗಡು ಬಿಸಿಲಿಗೆ ಟಕ್ ಟಕ್ ಎನ್ನುತ್ತದೆ. ಪಕ್ಕದ ಗೋದಾಮಿನಲ್ಲಿ ರಾಶಿ ಹಾಕಿದ ನಿಂಬೆಹಣ್ಣಿನ ವಾಸನೆ ಎಣ್ಣೆಯ ವಾಸನೆಯ ಜೊತೆ ಕೂಡಿ ಬರುತ್ತದೆ. ನಾನು ಕುರ್ಚಿಯಲ್ಲಿ ಒರಗಿ ತೂಕಡಿಸುತ್ತ, ಆಗಾಗ ಎದ್ದು ಟಾಕಿಯ ನೆತ್ತಿಯಲ್ಲಿ ಇಟ್ಟ ಥರ್ಮಾಮೀಟರ್ ನೋಡುತ್ತೇನೆ. ಈ ದಿನಗಳಷ್ಟು ಸುಖ ನನಗೆ ಹಬ್ಬದ ದಿನಗಳಲ್ಲೂ ಇಲ್ಲ.

ಆದರೆ ನಾಲ್ಕು ತಾಲೂಕಿನಿಂದ ಬರುವ ನಮ್ಮ ಗಿರಾಕಿಗಳು ಯಾರೂ ಥರ್ಮಾಮೀಟರ್ ನೋಡಲು ಬರುವುದಿಲ್ಲ. ಅವರು ಬರುವುದು ಅಪ್ಪನ ಅಂಗೈಗಾಗಿ. ಬಿಸಿ ನಿಂತಿತು ಎಂದು ನಾನು ಹೇಳಿದ ಮೇಲೆ ಕರೆಂಟು ತೆಗೆದು, ಅಪ್ಪ ರೇಡಿಯೇಟರ್ ಮುಂದೆ ಬಂದು ನಿಲ್ಲುತ್ತಿದ್ದ. ಬಲಗೈಯನ್ನು ಮೇಲಿನ ತುದಿಗೆ ಮುಟ್ಟಿಸಿ ಥಟ್ಟನೆ ತೆಗೆಯುತ್ತಿದ್ದ. ತುಸು ಕೆಳಗೆ ಮುಟ್ಟಿಸಿ ತೆಗೆಯುತ್ತಿದ್ದ. ಹಾಗೇ ಇಳಿಸುತ್ತ ಇಳಿಸುತ್ತ ಒಂದು ಕಡೆ ಅಂಗೈ ಸುಡದೆ, ಹಿತವಾಗಿ ನಿಂತುಬಿಡುತ್ತಿತ್ತು. ಆ ಜಾಗ ಎದೆಯ ಮಟ್ಟದಲ್ಲಿದ್ದರೆ ಬಂಗಾರದಂಥ ಟಾಕಿ. ಸೊಂಟದ ಮಟ್ಟದಲ್ಲಿದ್ದರೆ ಚಲೋ ಟಾಕಿ. ಮೊಣಕಾಲಿಗೆ ಬಂದರೆ ಬಿಚ್ಚಿ ಮತ್ತೆ ಕಟ್ಟಬೇಕು. "ಸೊಂಟಕ್ಕ ನಿಂತೈತ್ರಿ, ಒಯ್ರಿ" ಎಂದು ಅವನು ಗಟ್ಟಿಯಾಗಿ ಹೇಳಿದ ಮೇಲೆಯೇ ಟೆಂಪೋದವನು ಹಗ್ಗ ಬಿಚ್ಚುತ್ತಿದ್ದ. ಎಣ್ಣೆ ಚೆನ್ನಾಗಿ ಸುತ್ತುತ್ತಿದ್ದರೆ ಕೆಳಗೆ ಬರುವಷ್ಟರಲ್ಲಿ ಆರಿರುತ್ತದೆ, ಆದ್ದರಿಂದ ಆ ಅಳತೆಯಲ್ಲಿ ಅರ್ಥವಿತ್ತು. ನನ್ನ ಲೆಕ್ಕಕ್ಕೂ ಅಪ್ಪನ ಅಂಗೈಗೂ ಎಂದೂ ಜಗಳ ಬಂದದ್ದಿಲ್ಲ. ಬಂದಿದ್ದರೆ ನಾನಂತೂ ಸುಮ್ಮನಿರುತ್ತಿರಲಿಲ್ಲ.

ಒಂದು ಚಳಿಗಾಲದ ಮುಂಜಾನೆ ನಾನು ಶೆಡ್ಡಿಗೆ ಹೋಗುವ ಮೊದಲು ಇಂಡಿಯ ತವರುಮನೆಗೆ ಹೋಗಿದ್ದೆ. ಅವ್ವ ಒಲೆಯಿಂದ ಇಳಿಸಿದ ಚಹಾವನ್ನು ಸ್ಟೀಲಿನ ಲೋಟಕ್ಕೆ ಸುರಿದು, ಸೆರಗಿನಿಂದ ಹಿಡಿದು ತಂದು ಅಪ್ಪನ ಮುಂದಿಟ್ಟಳು. ಅಪ್ಪ ಮಾತಾಡುತ್ತಲೇ ಅದನ್ನು ಬರಿಗೈಯಲ್ಲಿ ಇಡಿಯಾಗಿ ಹಿಡಿದುಕೊಂಡ. ಮುದ್ದೇಬಿಹಾಳದ ಯಾವುದೋ ಟಾಕಿಯ ಸುದ್ದಿ ಹೇಳುತ್ತಿದ್ದ. ಹೇಳಿ ಮುಗಿಸುವವರೆಗೂ ಲೋಟ ಅವನ ಮುಷ್ಟಿಯಲ್ಲೇ ಇತ್ತು. ನಾನು ಅದರಿಂದ ಏಳುವ ಹಬೆ ನೋಡಿದೆ. ಅವ್ವ ನನ್ನನ್ನು ನೋಡಿದಳು.

ಹಿತ್ತಲಿಗೆ ಬಂದು ಅವ್ವ ನನ್ನ ಕಿವಿಯಲ್ಲಿ ಹೇಳಿದಳು. "ಶುಗರ್ ಕೈಗೆ ಇಳಿದೈತವಾ. ಮೊದಲ ಕಾಲು ಅಷ್ಟ ಇತ್ತು. ಡಾಕ್ಟರು ನರ ಸತ್ತಾವ ಅಂದ್ರು. ಸುಟ್ಟರ ಗೊತ್ತಾಗಂಗಿಲ್ಲಂತ, ಗಾಯ ಆದರ ಮಾಯಂಗಿಲ್ಲಂತ. ಕೈ ಹುಷಾರಿ ಅಂದಾರ."

"ಅಪ್ಪಗ ಗೊತ್ತೈತೇನು?"

"ಕಾಲಿಂದು ಗೊತ್ತೈತಿ. ಕೈದು ಅಂದ್ರ ಎದ್ದು ಹೊಕ್ಕಾನ."

ಆ ದಿನ ನಾನು ಶೆಡ್ಡಿಗೆ ನಡೆದುಕೊಂಡೇ ಹೋದೆ. ಬಿಸಿಯಾದ ರೇಡಿಯೇಟರ್‌ನ ತುದಿಗೆ ಅವನ ಕೈ ಹೋದರೆ ಅದು ಥಟ್ಟನೆ ಹಿಂದೆ ಬರುವುದಿಲ್ಲ. ಅಲ್ಲೇ ಹಿತವಾಗಿ ನಿಲ್ಲುತ್ತದೆ, ಚರ್ಮ ಬೇಯುತ್ತದೆ, ಅವನಿಗೆ ತಿಳಿಯುವುದೇ ಇಲ್ಲ. ಇನ್ನು ಮೇಲೆ ಮುಟ್ಟಬೇಡ ಎಂದು ಹೇಳಬಹುದಿತ್ತು. ಹೇಳಿದರೆ ಕೈಯೇನೋ ಉಳಿಯುತ್ತದೆ. ಆದರೆ ನನ್ನ ಅಪ್ಪ ಓದಿದವನಲ್ಲ, ಹೊಲ ಇದ್ದವನಲ್ಲ, ನಾಲ್ಕು ತಾಲೂಕಿನಲ್ಲಿ ಅವನಿಗೆ ಇದ್ದದ್ದು ಆ ಒಂದು ಅಂಗೈಯ ಮಾತು. ಅದನ್ನು ಅವನ ಬಾಯಿಂದ ಕಸಿದುಕೊಳ್ಳುವ ಧೈರ್ಯ ನನಗಿರಲಿಲ್ಲ. ಅವನ ಕೈಯೂ ಉಳಿಯಬೇಕು, ಮಾತೂ ಉಳಿಯಬೇಕು ಎಂದು ಹಟ ಹಿಡಿದು ಮೇಜಿನ ಮುಂದೆ ಕುಳಿತೆ.

ಹೊಳೆದ ಉಪಾಯ ನನ್ನಂಥವಳಿಗೇ ಹೊಳೆಯಬೇಕು. ಅಪ್ಪನ ಕೈಯನ್ನು ತಡೆಯಲಾಗದಿದ್ದರೆ ಟಾಕಿಯನ್ನೇ ತಣ್ಣಗೆ ಇಟ್ಟರಾಯಿತು. ಮುಂದಿನ ಟಾಕಿಯ ನಕ್ಷೆಯಲ್ಲಿ ರೇಡಿಯೇಟರ್‌ಗೆ ಮೂರು ಹಲಗೆ ಹೆಚ್ಚಿಗೆ ಬರೆದೆ. ಅದು ಸಾಲದೆನಿಸಿ ಟಾಕಿಯ ಗೋಡೆಯನ್ನೂ ತುಸು ಹೊರಕ್ಕೆ ತಳ್ಳಿ, ಎಣ್ಣೆ ಹೆಚ್ಚಿಸಿದೆ. ರೇಡಿಯೇಟರ್‌ಗಳನ್ನು ಮೊದಲಿಗಿಂತ ಎತ್ತರಕ್ಕೆ ಕೂಡಿಸಿದೆ, ಏಕೆಂದರೆ ಅವು ಸುರುಳಿಗಿಂತ ಮೇಲಿದ್ದಷ್ಟೂ ಎಣ್ಣೆ ಚುರುಕಾಗಿ ಸುತ್ತುತ್ತದೆ. ಅಪ್ಪನಿಗೆ ಹೇಳಲು ಕಾರಣವೂ ತಯಾರಿತ್ತು: ಬಿಸಿಲು ವರ್ಷದಿಂದ ವರ್ಷಕ್ಕೆ ಜೋರಾಗುತ್ತಿದೆ, ನಮ್ಮ ಕಡೆಯ ಟಾಕಿಗಳಿಗೆ ಮೈ ಹೆಚ್ಚು ಬೇಕು. ಇದು ಅರ್ಧ ಖರೆಯೂ ಹೌದು.

ಕಾಯಿಸುವ ದಿನ ಅಪ್ಪ ಬಂದು ಮೇಲಿನ ತುದಿಗೆ ಅಂಗೈ ಇಟ್ಟ. ನಾನು ಅವನಿಗಿಂತ ಮೊದಲೇ ಗುಟ್ಟಾಗಿ ಮುಟ್ಟಿ ನೋಡಿದ್ದೆ. ಬೆಚ್ಚಗಿತ್ತು, ಅಷ್ಟೇ. ಮಲಗಿದ ಆಕಳ ಮೈಯಷ್ಟು ಬೆಚ್ಚಗೆ. ಅಪ್ಪನ ಕೈ ಅಲ್ಲೇ ನಿಂತಿತು. ಅವನು ಹುಬ್ಬೇರಿಸಿ ನನ್ನನ್ನು ನೋಡಿದ. ಆಮೇಲೆ ಸಿಂದಗಿಯಿಂದ ಬಂದಿದ್ದ ಗಿರಾಕಿಯ ಕಡೆ ತಿರುಗಿ, "ಮ್ಯಾಲ ನಿಂತೈತ್ರಿ!" ಎಂದ. ಅವನ ಬಾಯಿಂದ ಅಂಥ ಮಾತು ಮೊದಲು ಬಂದಿರಲಿಲ್ಲ. "ನನ್ನ ಮಗಳ ಟಾಕಿ ನೋಡ್ರಿ, ನೆತ್ತಿಗೇ ಕೈ ನಿಲ್ತೈತಿ."

ಅಲ್ಲಿಂದ ಮುಂದೆ ಪ್ರತಿಯೊಂದು ಟಾಕಿಯೂ ಮೇಲೇ ನಿಂತಿತು. ಅಪ್ಪ ಚಹಾದಂಗಡಿಯಲ್ಲಿ, ಬೀಗರ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ ನನ್ನ ಹೊಗಳಿಕೆ ಹಾಡಿದ. ಟೆಂಪೋದವರು ಮಾತ್ರ ಗೊಣಗಿದರು. "ಅಕ್ಕಾರ, ನಿಮ್ಮ ಟಾಕಿ ಯಾಕ ಇಷ್ಟು ದಪ್ಪ ಆಗಾಕತ್ತಾವ್ರಿ? ಏನ್ ತಿನಸಾಕತ್ತೀರಿ?" ಎಂದು ಒಬ್ಬ ಕೇಳಿದ. ನಿಂಬಿಹಣ್ಣು ಎಂದೆ. ಬಸ್ಸಿನ ಕಿಟಕಿಯಿಂದ ನೋಡುತ್ತ ಹೋದರೆ ಕರಿ ಮಣ್ಣಿನ ಹೊಲಗಳ ನಡುವೆ, ತೊಗರಿಯ ಅಂಚಿಗೆ, ನನ್ನ ದಪ್ಪ ಟಿಸಿಗಳು ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದವು. ಬೇರೆಯವರ ಟಿಸಿಗಳು ಬಿಸಿಲಲ್ಲಿ ಮುಖ ಕಿವುಚಿ ನಿಂತ ಹಾಗೆ, ನನ್ನವು ಉಂಡು ಮಲಗಿದ ಹಾಗೆ ನನಗೆ ತೋರುತ್ತಿತ್ತು. ಬಸ್ಸು ತೂಗಾಡುತ್ತ ಹೋಗುತ್ತಿತ್ತು, ನಾನು ಅರೆಗಣ್ಣಿನಲ್ಲಿ ಅವುಗಳ ಒಳಗಿನ ಎಣ್ಣೆಯ ಜೊತೆ ಏರುತ್ತ ಇಳಿಯುತ್ತ ಇಂಡಿ ತಲುಪುತ್ತಿದ್ದೆ. ಹೀಗೇ ಎಲ್ಲ ನಡೆದುಹೋಗುತ್ತದೆ ಎಂದು ನಂಬಿದ್ದೆ.

ನಿಡಗುಂದಿಯಿಂದ ಬಂದ ಹೆಣ್ಣುಮಗಳೊಬ್ಬಳು ನನ್ನ ನಂಬಿಕೆಗೆ ತಣ್ಣೀರೆರಚಿದಳು. ಆಕೆಯದು ಬರ್ಫಿನ, ಅಂದರೆ ಮಂಜುಗಡ್ಡೆಯ, ಕಾರ್ಖಾನೆ. ಆಲಮಟ್ಟಿಯ ಹಿನ್ನೀರಿನ ಮೀನು ಹಿಡಿಯುವವರಿಗೆ, ಬಾಗೇವಾಡಿ ಕಡೆಯ ಮದುವೆ ಮನೆಗಳಿಗೆ ಬರ್ಫು ಕಳಿಸುತ್ತಾಳೆ. ಹಳೆಯ ಟಿಸಿ ಸಾಲುತ್ತಿಲ್ಲ, ದೊಡ್ಡದು ಬೇಕು, ಆದರೆ ಜಾಗ ಮಾತ್ರ ಅದೇ ಎಂದಳು. ಒಂದು ಬದಿಗೆ ನೆರೆಯವರ ಗೋಡೆ, ಇನ್ನೊಂದು ಬದಿಗೆ ಬರ್ಫಿನ ಗಾಡಿ ಹಾಯುವ ದಾರಿ. ಆಕೆ ಹುರಿಯಲ್ಲಿ ಗಂಟು ಹಾಕಿ ಅಳತೆ ತಂದಿದ್ದಳು. ಆ ಹುರಿಯನ್ನು ನನ್ನ ಮೇಜಿನ ಮೇಲೆ ಎಳೆದು ತೋರಿಸಿ, "ಇದಕಿಂತ ಒಂದು ಬೆರಳು ದಪ್ಪ ಆದರೂ ಕೂಡಂಗಿಲ್ಲ ತಂಗಿ" ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಕಾಕಾರ, ಮತ್ತ ನಿಮ್ಮ ಕೈ ನಾ ಕಣ್ಣಾರೆ ನೋಡಬೇಕು. ಅದನ್ನ ನೋಡದ ಒಯ್ಯಂಗಿಲ್ಲ" ಎಂದಳು. ಅಪ್ಪ ಹಿಗ್ಗಿ ಹೀರೇಕಾಯಿಯಾದ.

ಆ ಹುರಿಯೊಳಗೆ ಟಾಕಿ ಕೂಡಿಸಲು ನಾನು ಪಟ್ಟ ಪಾಡು ಹೇಳತೀರದು. ಗೋಡೆಯ ಕಡೆ ರೇಡಿಯೇಟರ್ ಹಾಕುವಂತಿಲ್ಲ, ಅಲ್ಲಿ ಗಾಳಿಯೇ ಆಡುವುದಿಲ್ಲ. ಎತ್ತರಕ್ಕೆ ಹೋಗೋಣವೆಂದರೆ ಮೇಲೆ ಆಕೆಯ ಕಾರ್ಖಾನೆಯ ಶೆಡ್ಡಿನ ತೊಲೆ ಅಡ್ಡ. ಹಲಗೆಗಳನ್ನು ಒತ್ತೊತ್ತಾಗಿ ತುಂಬೋಣವೆಂದರೆ ಅವು ಒಂದರ ಬಿಸಿಗೆ ಒಂದು ಬೆಂದು, ಸಂಖ್ಯೆ ಹೆಚ್ಚಿದರೂ ಉಪಯೋಗ ಹೆಚ್ಚುವುದಿಲ್ಲ. ಅಳಿಸಿದೆ, ಬರೆದೆ, ಮತ್ತೆ ಅಳಿಸಿದೆ. ಕೊನೆಗೆ ಬಂದದ್ದು ಒಳ್ಳೆಯ ಟಾಕಿಯೇ. ಯಾವ ನಿಯಮಕ್ಕೂ ತಪ್ಪದ, ಬೇಕಾದಷ್ಟೇ ಮೈ ಇರುವ, ಮೊದಲಿನ ದಿನಗಳಲ್ಲಿ ಅಪ್ಪ ಸಂತೋಷದಿಂದ "ಸೊಂಟಕ್ಕ ನಿಂತೈತಿ" ಎನ್ನುತ್ತಿದ್ದಂಥ ಟಾಕಿ. ಅದರ ಮೇಲಿನ ತುದಿ ಮಾತ್ರ ಅಂಗೈಯನ್ನು ಸುಡುವಷ್ಟು ಬಿಸಿಯಾಗುವುದು ಖಂಡಿತ. ನಕ್ಷೆ ಚೆಂದ ಬಂತೆಂದು ಹಿಗ್ಗಬೇಕಾದ ಹೊತ್ತಿನಲ್ಲಿ ನನಗೆ ಅಳು ಬಂತು.

ಕಾಯಿಸುವ ದಿನ ಅಪ್ಪನನ್ನು ದೂರ ಇಡಬೇಕೆಂದು ಹಂಚಿಕೆ ಹಾಕಿದೆ. ಸಿಂದಗಿಯ ನಮ್ಮ ಮನೆಯ ಹಿಂದಿನ ಬಾಗಿಲು ಕೂಡುತ್ತಿಲ್ಲ, ನೀನೇ ಬಂದು ವೆಲ್ಡ್ ಮಾಡಿಕೊಡಬೇಕು ಎಂದು ಹಿಂದಿನ ದಿನವೇ ಹೇಳಿಟ್ಟೆ. ಹೂಂ ಎಂದ. ಬೆಳಿಗ್ಗೆ ನಾನು ಶೆಡ್ಡಿಗೆ ಬಂದು ನೋಡಿದರೆ ಅವನು ಒಗೆದ ಧೋತರ ಉಟ್ಟು ಟಾಕಿಯ ಮುಂದೆಯೇ ಕುಳಿತಿದ್ದ. ಬರ್ಫಿನ ಕಾರ್ಖಾನೆಯ ಆ ಹೆಣ್ಣುಮಗಳು ಅವನಿಗೇ ಫೋನು ಮಾಡಿ ಬರುವುದಾಗಿ ಹೇಳಿದ್ದಳು. "ಬಾಗಲ ಎಲ್ಲಿ ಓಡಿ ಹೊಕ್ಕೈತಿ, ನಾಳಿ ಮಾಡೂಣು" ಎಂದ.

ಆ ದಿನ ಬಿಸಿಲು ಬಿಳಿಯಾಗಿ ಸುರಿಯುತ್ತಿತ್ತು. ಟಾಕಿ ಹೂಂಗುಟ್ಟುತ್ತ ಮೆಲ್ಲಗೆ ಕಾಯತೊಡಗಿತು. ಅಪ್ಪ ಒರಗಿಕೊಂಡು ಕಣ್ಣು ಮುಚ್ಚಿದ. ನಾನು ಎದ್ದು ಎದ್ದು ಥರ್ಮಾಮೀಟರ್ ನೋಡಿದೆ. ಬೇರೆ ದಿನಗಳಲ್ಲಿ ನನ್ನನ್ನು ಜೋಂಪಿಗೆ ಒಯ್ಯುತ್ತಿದ್ದ ಆ ಸ್ವರ ಅವತ್ತು ತಲೆಯೊಳಗೆ ಹೊಕ್ಕು ಕೊರೆಯಿತು. ಒಳಗೆ ಎಣ್ಣೆ ಏರುತ್ತಿದೆ, ತುದಿಗೆ ಬರುತ್ತಿದೆ, ಅಪ್ಪನ ಅಂಗೈ ಇಡುವ ಜಾಗಕ್ಕೆ ಬರುತ್ತಿದೆ ಎಂದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಹೆಣ್ಣುಮಗಳ ಟೆಂಪೋ ಬಂತು. ಹೊಟ್ಟಿನಲ್ಲಿ ಮುಚ್ಚಿ, ಗೋಣಿಚೀಲ ಸುತ್ತಿದ ಬರ್ಫಿನ ಗಡ್ಡೆಯೊಂದನ್ನು ಇಳಿಸಿ, "ಎಲ್ಲಾರಿಗೂ ಶರಬತ್ತು ಮಾಡ್ರಿ" ಎಂದಳು. ಬಿಸಿ ನಿಂತಿತು. ನಾನು ಅದನ್ನು ಹೇಳದೆ ಶರಬತ್ತಿಗೆ ನಿಂಬೆಹಣ್ಣು ಹೆಚ್ಚತೊಡಗಿದೆ. ಅಪ್ಪನೇ ಎದ್ದು ಥರ್ಮಾಮೀಟರ್ ನೋಡಿ, ಕರೆಂಟು ತೆಗೆಸಿದ.

"ಅಪ್ಪಾ, ಇವತ್ತ ನಾ ಮುಟ್ಟತೇನಿ" ಎಂದು ನಾನು ಅಡ್ಡ ನಿಂತೆ.

"ಸರಿಯವಾ ಬಾಜೂಕ" ಎಂದು ನಗುತ್ತ ನನ್ನ ಭುಜ ಹಿಡಿದು ಪಕ್ಕಕ್ಕೆ ನಿಲ್ಲಿಸಿದ. "ಅವರು ಅಷ್ಟು ದೂರದಿಂದ ಬಂದಾರ."

ಅವನ ಅಂಗೈ ತುದಿಗೆ ಹೋಗಿ ನಿಂತಿತು. ನಾನು ಒಂದು ಉಸಿರಿನಷ್ಟು ಹೊತ್ತು ಕೂಡ ತಡೆಯಲಿಲ್ಲ, ಅವನ ಮಣಿಕಟ್ಟು ಹಿಡಿದು ಜೋರಾಗಿ ಎಳೆದೆ. ಅವನು "ಮ್ಯಾಲ ನಿಂ..." ಎನ್ನುವಷ್ಟರಲ್ಲಿ ಕೈ ನನ್ನ ಎರಡೂ ಕೈಗಳೊಳಗಿತ್ತು. ಅಂಗೈಯ ಉಬ್ಬಿದ ಜಾಗವೆಲ್ಲ ಕೆಂಪಗೆ ಕೆಂಡವಾಗಿತ್ತು. ನೀರಿನ ಕೊಡದ ಹತ್ತಿರ ಎಳೆದೊಯ್ದು ಸುರಿದೆ. ಆ ಹೆಣ್ಣುಮಗಳು ಗಾಬರಿಯಾಗಿ ಬರ್ಫು ಒಡೆದು, ಅರಿವೆಯಲ್ಲಿ ಸುತ್ತಿ, ಅವನ ಅಂಗೈಗೆ ಇಟ್ಟಳು. "ಯಪ್ಪಾ, ಎಷ್ಟು ಕೆಂಪಗಾಗೈತಿ! ತಣ್ಣಗ ಅನಸ್ತೇನ್ರಿ ಕಾಕಾರ?"

ಅಪ್ಪ ಅಂಗೈ ಮೇಲಿನ ಬರ್ಫನ್ನು ನೋಡುತ್ತ ನಿಂತ. ನೀರು ಅವನ ಬೆರಳುಗಳ ಸಂದಿಯಿಂದ ಇಳಿದು ನೆಲದ ಮಣ್ಣಿಗೆ ಬೀಳುತ್ತಿತ್ತು. ತಲೆ ಎತ್ತಿ, ಆಕೆಯನ್ನಲ್ಲ, ನನ್ನನ್ನು ಕೇಳಿದ.

"ತಣ್ಣಗ ಐತೇನು ಇದು?"

ನಾನು ಹೌದೆಂದು ತಲೆಯಾಡಿಸಿದೆ. ಅಪ್ಪ ಎಣ್ಣೆಯ ಡ್ರಮ್ಮಿನ ಮೇಲೆ ಕುಳಿತ. ಗೋಡೆಗೆ ಒರಗಿಸಿದ್ದ ರೇಡಿಯೇಟರ್ ಹಲಗೆಗಳ ಕಡೆಗೆ, ಆಮೇಲೆ ಹೊರಗಿನ ರಸ್ತೆಯ ಕಡೆಗೆ ನೋಡಿದ. ಅವನ ಮುಖದಲ್ಲಿ ಬಣ್ಣವೇ ಇರಲಿಲ್ಲ. ತನ್ನ ಕೈಗಾಗಿ ಅವನು ಹೆದರಿದ್ದಾನೆ ಎಂದು ನಾನು ತಿಳಿದುಕೊಂಡೆ. ಅವನು ಕೈಯ ವಿಚಾರವನ್ನೇ ಮಾಡುತ್ತಿರಲಿಲ್ಲ.

"ಹಂಗಾರ ಅವೆಲ್ಲಾ?" ಎಂದ. "ಇಷ್ಟು ದಿನಾ ಮ್ಯಾಲ ನಿಂತೈತಿ, ಮ್ಯಾಲ ನಿಂತೈತಿ ಅಂತ ಹೇಳಿ ಕಳಿಸಿದೆನಲ್ಲ. ಸಿಂದಗಿಗೆ, ಅಗರಖೇಡಕ್ಕ, ಮುದ್ದೇಬಿಹಾಳಕ್ಕ. ನನ್ನ ಮಾತ ನಂಬಿ ಒಯ್ದಾರ. ಅವರಿಗೆಲ್ಲ ನಾ ಸುಳ್ಳ ಹೇಳಿದ್ನೇನು?"

"ಇಲ್ಲಪ್ಪಾ" ಎಂದೆ. ಅವನ ಮುಂದೆ ನೆಲದ ಮೇಲೆ ಕುಳಿತೆ. "ಒಂದೂ ಸುಳ್ಳಲ್ಲ. ಅವು ಖರೇನ ತಣ್ಣಗ ಇದ್ದವು. ನಿನ್ನ ಕೈಗಿಂತ ಮೊದಲ ನಾ ಮುಟ್ಟಿ ನೋಡೀನಿ. ನಿನ್ನ ಕೈ ಸುಡಬಾರದಂತ ನಾನ ದಪ್ಪ ಕಟ್ಟೀನಿ. ನೀ ಮ್ಯಾಲ ನಿಂತೈತಿ ಅಂದಾಗೆಲ್ಲ ಮ್ಯಾಲ ನಿಂತಿತ್ತು."

ಅವನು ನನ್ನ ಮುಖವನ್ನೇ ನೋಡಿದ, ಖರೆ ಹೇಳುತ್ತಿದ್ದಾಳೋ ಸಮಾಧಾನ ಹೇಳುತ್ತಿದ್ದಾಳೋ ಎಂದು ತೂಗುವವನ ಹಾಗೆ. "ಅದಕ್ಕ ಮೂರು ಹಲಗಿ ಹೆಚ್ಚ?"

"ಅದಕ್ಕ."

"ಬಿಸಲು ಹೆಚ್ಚಾಗೈತಿ ಅಂದಿದ್ದಿ."

"ಅದೂ ಆಗೈತಿ."

"ಎಷ್ಟು ತಗಡ ಹಾಳ ಮಾಡಿದಿ ಹುಚ್ಚಿ" ಎಂದ ಅಪ್ಪ, ಮತ್ತು ಅತ್ತ. ಅವನು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಸದ್ದಿಲ್ಲದೆ, ಕಣ್ಣೊರೆಸಿಕೊಳ್ಳದೆ, ಬರ್ಫಿನ ಕೈಯನ್ನು ತೊಡೆಯ ಮೇಲೆ ಹಾಗೇ ಇಟ್ಟುಕೊಂಡು ಅತ್ತ. ನಾನೂ ಅತ್ತೆ. ಆ ಹೆಣ್ಣುಮಗಳು ತಾನಾಗಿಯೇ ಹೊರಗೆ ಹೋಗಿ ಟೆಂಪೋದ ನೆರಳಲ್ಲಿ ನಿಂತಳು. ಟಾಕಿ ನಮ್ಮ ಪಕ್ಕದಲ್ಲಿ ಬಿಸಿ ಉಸಿರು ಬಿಡುತ್ತ ಆರುತ್ತಿತ್ತು, ಒಳಗೆ ಎಣ್ಣೆ ಇನ್ನೂ ಮೆಲ್ಲಗೆ ಸುತ್ತುತ್ತಿರಬೇಕು. ಹೆದರಿದಷ್ಟು ಹೆದರಿ ಮುಗಿದ ಮೇಲೆ ನನಗೆ ಎಷ್ಟೋ ತಿಂಗಳಿಂದ ಇಲ್ಲದ ನೆಮ್ಮದಿ ಬಂದಿತ್ತು.

ಕೊನೆಗೆ ಅಪ್ಪ ಮೂಗು ಸೀಟಿ ಎದ್ದ. "ಗಿರಾಕಿ ಕಾಯಾಕತ್ತಾರ. ಟಾಕಿ ಪೂರಾ ಆರಿದರ ಹೇಳಾಕ ಬರಂಗಿಲ್ಲ. ಏಳು, ಕೈ ಇಡು."

"ಥರ್ಮಾಮೀಟರ್ ಐತಲ್ಲಪ್ಪಾ."

"ಅದನ್ನ ನೋಡಾಕ ಅವರು ನಿಡಗುಂದಿಯಿಂದ ಬಂದಿಲ್ಲ. ಇಡು."

ಅವನು ಆಕೆಯನ್ನು ಒಳಗೆ ಕರೆದ. ಕರೆಂಟು ಹಚ್ಚಿಸಿ, ಬಿಸಿ ಮತ್ತೆ ಏರಿ ನಿಲ್ಲುವವರೆಗೆ ಎಲ್ಲರಿಗೂ ಶರಬತ್ತು ಕೊಡಿಸಿದ. ಕರೆಂಟು ತೆಗೆದ ಮೇಲೆ ನಾನು ರೇಡಿಯೇಟರ್ ಮುಂದೆ ನಿಂತೆ. ತುದಿಗೆ ಮುಟ್ಟಿಸಿದೆ, ಚುರ್ ಎಂದಿತು, ಥಟ್ಟನೆ ತೆಗೆದೆ. ಅಪ್ಪ ನನ್ನ ಕೈ ಹಿಂದೆ ಬಂದ ರೀತಿಯನ್ನು ಆಸೆಯಿಂದ ನೋಡುತ್ತಿದ್ದ. ತುಸು ಕೆಳಗೆ ಮುಟ್ಟಿಸಿ ತೆಗೆದೆ. ಇನ್ನೂ ಕೆಳಗೆ. ಎದೆ ದಾಟಿದ ಮೇಲೆ, ಸೊಂಟಕ್ಕೆ ತುಸು ಮೇಲೆ, ಕೈ ಹಿತವಾಗಿ ನಿಂತಿತು. ಅಪ್ಪ ಬಗ್ಗಿ, ನನ್ನ ಬೆರಳುಗಳು ಎಲ್ಲಿವೆ ಎಂದು ಕಣ್ಣಿನಿಂದ ಅಳೆದ.

"ನಿಂತಿತೇನು?"

"ನಿಂತಿತು."

ಅವನು ನೆಟ್ಟಗಾಗಿ, ಬರ್ಫಿನ ಕಾರ್ಖಾನೆಯ ಹೆಣ್ಣುಮಗಳ ಕಡೆ ತಿರುಗಿ, ಶೆಡ್ಡಿಗೆಲ್ಲ ಕೇಳುವ ಹಾಗೆ, "ಸೊಂಟಕ್ಕಿಂತ ಮ್ಯಾಲ ನಿಂತೈತ್ರಿ, ಒಯ್ರಿ" ಎಂದ. ಆಮೇಲೆ ನನಗೊಬ್ಬಳಿಗೇ ಕೇಳುವ ಹಾಗೆ, "ಮುಂದಿನ ಟಾಕಿ ಬೇಕಾದಷ್ಟ ಕಟ್ಟು, ಹೆಚ್ಚ ಬ್ಯಾಡ" ಎಂದು ಹೇಳಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅವತ್ತಿನಿಂದ ಅಪ್ಪ ಯಾವ ಟಾಕಿಯನ್ನೂ ಮುಟ್ಟಿಲ್ಲ.